ಅಕ್ಷರದಡಿಯ ಚುಕ್ಕೆ

"ಮತ್ತೆ ತಪ್ಪು!" ಟೀಚರ್ ಹಾಸಿಗೆಯ ಮೇಲೆ ಎದ್ದು ಕೂತರು. "ಅಕ್ಷರದ ಕೆಳಗೆ ಒಂದೇ ಚುಕ್ಕೆ ಇದ್ರೆ ಏನು?"

"ಬೆ?" ಎಂದಳು ನರ್ಸ್.

"ಬಿ! ಬೆ ಆಗೋಕೆ ಎರಡು ಚುಕ್ಕೆ ಬೇಕು. ಕಣ್ಣು ಎಲ್ಲಿಟ್ಟಿದ್ದೀಯ?"

ಹೀಬ್ರೂ ಓದುವುದು ಬ್ರಹ್ಮವಿದ್ಯೆಯೇನಲ್ಲ. ಬೆರಳೆಣಿಕೆಯಷ್ಟು ಸ್ವರಗಳು, ಅವಕ್ಕೆ ಅಕ್ಷರದ ಅಡಿಯಲ್ಲೋ ಪಕ್ಕದಲ್ಲೋ ಚುಕ್ಕೆ, ಗೆರೆ. ನಮ್ಮ ಕಾಗುಣಿತದ ಕಾಟದ ಮುಂದೆ ಅದು ಮಕ್ಕಳಾಟ. ಹೊಸಬರು ಎಡವುವುದು ದಿಕ್ಕಿನಲ್ಲಿ. ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ ಅನ್ನುವುದು ತಲೆಗಿಳಿಯಲು ವಾರಗಳೇ ಬೇಕು. ಬೇರೆ ಊರಿನಿಂದ ಬಂದ ಈ ಹುಡುಗಿ ಮೊದಲ ದಿನವೇ ಬೆರಳನ್ನು ನೆಟ್ಟಗೆ ಬಲತುದಿಗೆ ಇಟ್ಟಿದ್ದಳು. ಟೀಚರಿಗೆ ಎಷ್ಟು ಖುಷಿಯಾಗಿತ್ತು! ಆಮೇಲೆ ನೋಡಿದರೆ ಬರೀ ಮಣ್ಣಂಗಟ್ಟಿ. ನಿನ್ನೆ ಬಂದದ್ದು ಇವತ್ತಿಗಿಲ್ಲ.

ಟೀಚರಿಗೆ ಕಾಯಲು ಪುರುಸೊತ್ತಿರಲಿಲ್ಲ. ಹೃದಯ ದಿನೇ ದಿನೇ ಕೈಕೊಡುತ್ತಿತ್ತು. ಅವರು ಹೀಬ್ರೂ ಕಲಿಸುತ್ತಿದ್ದ ಶಾಲೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಊರಿನಲ್ಲಿ ಈ ಅಕ್ಷರ ಬಲ್ಲವರು ಅವರೊಬ್ಬರೇ ಉಳಿದಿದ್ದರು. ಅವರು ಹೋದರೆ ಕಪಾಟಿನ ಪುಸ್ತಕಗಳೆಲ್ಲ ರದ್ದಿಯವನ ಪಾಲು.

"ಒಂದು ಪುಟ ತಪ್ಪಿಲ್ಲದೆ ಓದಿಬಿಡು, ತಾಯಿ," ಎಂದು ಅವಳು ಕೆಲಸಕ್ಕೆ ಸೇರಿದ ದಿನವೇ ಅಂಗಲಾಚಿದ್ದರು. "ಆಮೇಲೆ ಈ ಕಹಿ ಮಾತ್ರೆಗಳನ್ನ ಕಿಟಕಿಯಿಂದಾಚೆ ಎಸೆದು ನೆಮ್ಮದಿಯಾಗಿ ಕಣ್ಣು ಮುಚ್ತೀನಿ."

ಅಲ್ಲಿಯವರೆಗಾದರೂ ಉಸಿರು ಇರಬೇಕಲ್ಲ. ದಿನಾ ಪಾಠ ಮುಗಿದ ಮೇಲೆ ಗೊಣಗುತ್ತಲೇ ಮಾತ್ರೆ ನುಂಗುತ್ತಿದ್ದರು.

ಇವತ್ತು ಆ ತಾಳ್ಮೆಯೂ ಮುಗಿಯಿತು. "ನಿನ್ನ ತಲೆಗೆ ಇದು ಹತ್ತಲ್ಲ. ಎಲ್ಲ ನನ್ನ ಜೊತೇಲೇ ಹೋಗ್ಲಿ, ಬಿಡು." ಮಾತ್ರೆಯ ಬಟ್ಟಲನ್ನು ಬದಿಗೆ ತಳ್ಳಿ, ಗೋಡೆಗೆ ಮುಖ ಮಾಡಿ ಮಲಗಿದರು. ನರ್ಸ್ ಗದರಿದಳು, ಕಾಲು ಹಿಡಿದಳು, ಅತ್ತಳು. ಟೀಚರ್ ತಿರುಗಲಿಲ್ಲ. ಬದುಕುವುದೇ ಅವರಿಗೆ ಸಾಕಾಗಿತ್ತು.

ಕಪಾಟಿನ ಬಾಗಿಲು ಕಿರುಗುಟ್ಟಿತು. ಬೆನ್ನ ಹಿಂದೆ ಓದು ಶುರುವಾಯಿತು. ಯಾವ ಪುಸ್ತಕವೆಂದು ಟೀಚರಿಗೆ ಮೊದಲ ಸಾಲಿನಲ್ಲೇ ಗೊತ್ತಾಯಿತು: ಎಲ್ಲಕ್ಕಿಂತ ದಪ್ಪನೆಯದು, ಪಳಗಿದವರಿಗೆಂದೇ ಒಂದೂ ಸ್ವರಚಿಹ್ನೆಯಿಲ್ಲದೆ ಅಚ್ಚಾದದ್ದು. ದನಿ ಎಲ್ಲೂ ತಡವರಿಸಲಿಲ್ಲ. ಪುಟ ಮಗುಚಿತು, ಓದು ಮುಂದುವರಿಯಿತು.

ಟೀಚರ್ ಹೊರಳಿದರು. "ಯಾರು ಕಲಿಸಿದ್ರು ನಿನಗೆ?"

"ನಮ್ಮಜ್ಜಿ, ಚಿಕ್ಕೋಳಿದ್ದಾಗಲೇ." ನರ್ಸ್ ಬಿಕ್ಕುತ್ತ ಬಟ್ಟಲನ್ನು ಮುಂದೆ ಹಿಡಿದಳು. "ಓದೋಕೆ ಬರುತ್ತೆ ಅಂದಿದ್ರೆ ನೀವು ಇಷ್ಟು ದಿನ ಇರ್ತಿದ್ರಾ?"