ಅಂದು ಸ್ಟಾರ್ಟ್ ಆಗದ ಕಾರು

ಹೆಂಡತಿ ಮಾತು ನಿಂತು ಕುಸಿದ ಬೆಳಿಗ್ಗೆ ಹಳೆಯ ಕಾರು ಸ್ಟಾರ್ಟ್ ಆಗಲೇ ಇಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವರ್ಷಗಳಿಂದ ಆಯಿಲ್ ಸೋರುತ್ತಿದ್ದರೂ ರಿಪೇರಿ ಮಾಡಿಸದ ತನ್ನಿಂದಲೇ ಅವಳು ಹೋದಳೆಂದು ಚನ್ನವೀರಪ್ಪ ಒಳಗೊಳಗೇ ಬೇಯುತ್ತಿದ್ದರು. ತಿಂಗಳಾದ ಮೇಲೆ ಮೆಕ್ಯಾನಿಕ್ ಇಮ್ತಿಯಾಜನನ್ನು ಮನೆಗೇ ಕರೆಸಿದರು. ಗಂಡನ ಮನೆಯಿಂದ ಬಂದಿದ್ದ ಮಗಳೂ ಪಕ್ಕದಲ್ಲಿ ನಿಂತಿದ್ದಳು.

ಬಾನೆಟ್ಟಿನೊಳಗೆ ಬಗ್ಗಿದ್ದ ಇಮ್ತಿಯಾಜ್ ತಲೆಯೆತ್ತಿದ. "ಹಳೇ ಗ್ಯಾಸ್ಕೆಟ್ ಸಾರ್, ಅದಕ್ಕೇ ಸೋರ್ತಿದೆ. ಅದರಿಂದ ಸ್ಟಾರ್ಟಿಂಗಿಗೆ ಏನೂ ತೊಂದರೆ ಇಲ್ಲ."

"ಮತ್ಯಾಕೆ ಆಗ್ಲಿಲ್ಲ?"

"ಪ್ಲಗ್ಗಿಗೆ ಕರೆಂಟ್ ಕೊಡೋ ರೋಟರೇ ಇಲ್ಲ. ಯಾರೋ ಬಿಚ್ಚಿಟ್ಟಿದ್ದಾರೆ."

"ನಮ್ಮ ಅಂಗಳದಲ್ಲಿ ನಿಂತ ಗಾಡೀನ ಯಾರು ಮುಟ್ತಾರಪ್ಪಾ?"

ಮಗಳು ಅಪ್ಪನ ಕೈ ಹಿಡಿದಳು.

"ನಾನೇ ಅಪ್ಪಾ. ನಿಮ್ಮ ಕಣ್ಣು ಮಂಜಾಗಿದೆ, ಇನ್ನು ಓಡಿಸೋದು ಬೇಡ ಅಂತ ಅಮ್ಮನೇ, ತಾನು ಹೋಗೋ ಹಿಂದಿನ ವಾರ ನಾನು ಬಂದಿದ್ದಾಗ, ನನ್ನ ಕೈಲಿ ತೆಗೆಸಿದ್ಲು."