ಫೋನ್ ಮಾಡಿ ಬನ್ನಿ

ರವೆ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಜೀವನ್ ಬಿಮಾ ನಗರದ ಮನೆಯ ಒಂದು ಭಾನುವಾರ ನೆನಪಾಗುತ್ತದೆ.

ವಾರವಿಡೀ ಆಫೀಸಿಗೆ ಓಡಾಡಿದ್ದ ಅಮ್ಮ ಊಟ ಮುಗಿಸಿ ಆಗಷ್ಟೇ ಚಾಪೆಯ ಮೇಲೆ ಅಡ್ಡಾಗಿದ್ದಳು. ಬೆಲ್ ಆಯಿತು. ಅಪ್ಪನ ಅಮ್ಮ, ನನ್ನ ಅಜ್ಜಿ, ಎಂದಿನಂತೆ ಹೇಳದೆ ಕೇಳದೆ ಕಲ್ಯಾಣ ನಗರದಿಂದ ಬಂದಿದ್ದರು. ಜೊತೆಗೆ ಅಪ್ಪನ ತಂಗಿಯ ಮನೆಯವರೆಲ್ಲ. ಅಮ್ಮ ಕೂದಲು ಗಂಟು ಹಾಕಿಕೊಂಡು ಒಲೆ ಹಚ್ಚಿದಳು. ಬಾಣಲೆಯಲ್ಲಿ ರವೆ ಕೆಂಪಗಾದರೂ ಹುರಿಯುತ್ತಲೇ ಇದ್ದಳು.

ಉಪ್ಪಿಟ್ಟು ಬಡಿಸಿ ಮೆಲ್ಲಗೆ ಹೇಳಿದಳು: "ಅತ್ತೆ, ಇನ್ಮೇಲೆ ಒಂದು ಫೋನ್ ಮಾಡಿ ಬನ್ನಿ."

"ಮಗನ ಮನೆಗೆ ಬರೋಕೂ ಕೇಳ್ಬೇಕೇನಮ್ಮಾ?"

"ಹೌದು ಅತ್ತೆ. ನನ್ ಕೈಲಿ ಆಗ್ತಿಲ್ಲ."

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಜ್ಜಿ ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡರು.

ಮುಂದಿನ ಭಾನುವಾರ ಮಧ್ಯಾಹ್ನ ಫೋನ್ ಬಂತು. "ಬರ್ಲೇನಮ್ಮಾ?" ಎಂಬ ಅಜ್ಜಿಯ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅಮ್ಮ ಅಪ್ಪನತ್ತ ನೋಡಿದಳು. ಅಪ್ಪ ಕಿಟಕಿಯ ಕಡೆ ತಿರುಗಿದ.

"ಇವತ್ತು ಬೇಡ ಅತ್ತೆ, ತುಂಬಾ ಸುಸ್ತಾಗಿದೆ. ಮುಂದಿನ ವಾರ ಬನ್ನಿ."

ಫೋನ್ ಇಟ್ಟು ಅಮ್ಮ ಕೋಣೆಗೆ ಹೋಗಿ ಮಲಗಿದಳು. ಎಷ್ಟೋ ಹೊತ್ತಿನ ಮೇಲೆ ನಾನು ಇಣುಕಿದಾಗ, ತಿರುಗುವ ಫ್ಯಾನನ್ನೇ ನೋಡುತ್ತ ಎಚ್ಚರವಾಗಿದ್ದಳು.