ದ್ರಾಕ್ಷಿಯ ಪರಿಮಳ

ಬಾಗಿಲು ದಾಟುತ್ತಿದ್ದಂತೆ ವಾಣಿಯ ಮೂಗಿಗೆ ಮಾಗಿದ ದ್ರಾಕ್ಷಿಯ ಪರಿಮಳ ಬಡಿಯಿತು. ಬೆಳಿಗ್ಗೆ ಏಳು ಗಂಟೆ. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಆ ಮನೆಗೆ ಅವಳು ಬಂದದ್ದು ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದುಕೊಂಡು ಹೋಗಲು. ನಡುಮನೆಯ ತುಂಬ ಅಕ್ಕಪಕ್ಕದ ಬೀದಿಯವರು, ಇಪ್ಪತ್ತಕ್ಕೂ ಹೆಚ್ಚು ಮಂದಿ, ಚಾಪೆಯ ಮೇಲೆ ಕೂತಿದ್ದರು. ಯಾರ ಬಾಯಲ್ಲೂ ಮಾತಿಲ್ಲ. ಒಳಗಿನ ಕೋಣೆಯ ಅರೆತೆರೆದ ಬಾಗಿಲಿನತ್ತ ಮುಖ ಮಾಡಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು.

“ನಿಮಗೂ ಬಂತಾ?” ಮನೆಯ ಯಜಮಾನ ಬದರೀನಾರಾಯಣ ಪಿಸುದನಿಯಲ್ಲಿ ಕೇಳಿದರು. ಅವರ ಕಣ್ಣು ತುಂಬಿತ್ತು. “ಇವತ್ತಿಗೆ ಹನ್ನೊಂದು ದಿನ. ಮನೇಲಿ ಒಂದು ದ್ರಾಕ್ಷಿ ಇಲ್ಲ, ಒಂದು ಊದುಬತ್ತಿ ಹಚ್ಚಿಲ್ಲ. ನಮ್ಮನೆಯವಳು ಹನುಮಂತನಗರದ ಗುಡ್ಡದ ಗುಡೀಲಿ, ಆ ಉರಿಬಿಸಿಲಲ್ಲಿ, ಬರಿಗಾಲಲ್ಲಿ ನೂರೆಂಟು ಪ್ರದಕ್ಷಿಣೆ ಹಾಕಿ ಬಂದ್ಲು. ಅದಾಗಿ ಐದನೇ ದಿನಕ್ಕೆ ಶುರುವಾಯ್ತು. ಆ ರೂಮಲ್ಲಿ ಯಾರೋ ಬಂದು ನೆಲೆಸಿದಾರಮ್ಮ.”

ಆ ವಾಸನೆ ವಾಣಿಗೆ ಚೆನ್ನಾಗಿ ಗೊತ್ತಿತ್ತು. ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸಕ್ಕೆ ಬರುವ ಮೊದಲು ಚಾಮರಾಜಪೇಟೆಯ ಲ್ಯಾಬೊಂದರಲ್ಲಿ ಆರು ವರ್ಷ, ಗಾಯದ ಕೀವಿನಿಂದ ಬ್ಯಾಕ್ಟೀರಿಯಾ ಬೆಳೆಸಿ ಗುರುತು ಹಿಡಿಯುತ್ತಿದ್ದವಳು ಅವಳು. ಒಂದೊಂದು ದಿನ ಅವನ್ನು ಬೆಳೆಸಿದ ತಟ್ಟೆಯ ಮುಚ್ಚಳ ತೆಗೆದರೆ ಇದೇ ಪರಿಮಳ ಮೇಲೇಳುತ್ತಿತ್ತು. ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕೋಣೆಯಲ್ಲಿ ಬದರೀನಾರಾಯಣರ ಹೆಂಡತಿ ಅಲಮೇಲು ಜರಿಯಂಚಿನ ಸೀರೆ ಉಟ್ಟು, ಸೊಂಟದವರೆಗೆ ಹೊದ್ದು ಮಂಚಕ್ಕೆ ಒರಗಿದ್ದರು. ಮುಡಿ ತುಂಬ ಯಾರೋ ಮುಡಿಸಿದ ಹೂವು. ವಾಣಿ ಕೈ ಹಿಡಿದಳು, ಕೆಂಡದಂತೆ ಸುಡುತ್ತಿತ್ತು.

“ಎಷ್ಟು ವರ್ಷದಿಂದ ಶುಗರ್ ಇದೆ ಅಮ್ಮ? ಸ್ವಲ್ಪ ಪಾದ ತೋರ್ಸಿ.”

“ಹದಿನಾರು ವರ್ಷ. ಪಾದಕ್ಕೇನೂ ಆಗಿಲ್ಲ. ಕಲ್ಲಿನ ಬಿಸಿಗೆ ಬೊಬ್ಬೆ ಎದ್ದಿತ್ತು, ಅಷ್ಟೆ. ನೋವೇ ಇಲ್ಲ.”

ನೋವಿಲ್ಲ ಎಂಬ ಮಾತಿಗೇ ವಾಣಿ ಹೆದರಿದಳು. ಹೊದಿಕೆ ಸರಿಸಿದಳು. ಬಲಪಾದಕ್ಕೆ ಬಿಳಿಯ ಬಟ್ಟೆ ಬಿಗಿಯಾಗಿ ಸುತ್ತಿತ್ತು. ಅದರ ಮೇಲೆ ಹಸಿರುಮಿಶ್ರಿತ ನೀಲಿ ಕಲೆ, ಇನ್ನೂ ಒದ್ದೆ.

“ನೋಡಿದ್ರಾ, ಗುಡ್ಡದ ಸ್ವಾಮಿಯ ನವಿಲುಗರಿ ಬಣ್ಣ!” ಹಿಂದೆ ನಿಂತಿದ್ದ ಬದರೀನಾರಾಯಣ ಕೈಮುಗಿದರು.

“ಸರ್, ಇದು ಬ್ಯಾಕ್ಟೀರಿಯಾ. ವಾಸನೆನೂ ಅದರದ್ದೇ, ಬಣ್ಣನೂ ಅದರದ್ದೇ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು.”

“ಹನ್ನೊಂದು ದಿನದಿಂದ ಏನೂ ಆಗಿಲ್ವಲ್ಲಮ್ಮ?”

“ಅವು ಹಾಗೇ ಸರ್. ಕಮ್ಮಿ ಇದ್ದಾಗ ಸುಮ್ನಿರ್ತವೆ. ಒಂದಕ್ಕೊಂದು ಸುದ್ದಿ ಕಳಿಸ್ಕೊಂಡು, ನಾವು ಎಷ್ಟು ಸೇರಿದೀವಿ ಅಂತ ನೋಡ್ಕೋತಾ ಇರ್ತವೆ. ಸಾಕಷ್ಟು ಸೇರಿದ್ವಿ ಅಂತ ಗೊತ್ತಾದ್ಮೇಲೆ ಎಲ್ಲಾ ಒಟ್ಟಿಗೆ ಮೇಲೆ ಬೀಳ್ತವೆ. ಆಮೇಲೆ ನಮಗೆ ಟೈಮ್ ಇರಲ್ಲ.”

ಹೇಳಿ ವಾಣಿ ತಿರುಗಿ ನೋಡಿದಳು. ನಡುಮನೆಯಲ್ಲಿದ್ದವರೆಲ್ಲ ಯಾವಾಗ ಎದ್ದು ಬಂದಿದ್ದರೋ, ಹೆಜ್ಜೆಯ ಸಪ್ಪಳವೂ ಕೇಳಿರಲಿಲ್ಲ. ಬಾಗಿಲಿನ ತುಂಬ ಒತ್ತಾಗಿ ನಿಂತು ಅವಳನ್ನೇ ನೋಡುತ್ತಿದ್ದರು. “ಅಪಶಕುನ ನುಡೀಬೇಡ,” ಎಂದಿತು ಒಂದು ಹೆಣ್ಣು ದನಿ. “ರಕ್ತ ತಗೊಂಡು ನಡಿ,” ಎಂದಿತು ಇನ್ನೊಂದು. ಒಂದಡಿ ಮುಂದೆ ಬಂದರು, ಎಲ್ಲರೂ ಒಟ್ಟಿಗೆ.

ವಾಣಿ ಚೀಲದಿಂದ ಕತ್ತರಿ ತೆಗೆದು ಬಟ್ಟೆಯ ಅಂಚಿಗೆ ಹಿಡಿದಳು. “ಬೇಡ ಕಣಮ್ಮ,” ಎಂದರು ಅಲಮೇಲು ಮೆಲ್ಲಗೆ. ಆದರೆ ಅವರು ನೋಡುತ್ತಿದ್ದುದು ವಾಣಿಯನ್ನಲ್ಲ, ಗಂಡನನ್ನು. ಕತ್ತರಿ ಬಟ್ಟೆಯನ್ನು ಸೀಳಿತು. ಸಿಹಿಯಾದ ವಾಸನೆ ಕೋಣೆಯ ತುಂಬ ಒಮ್ಮೆಲೇ ದಟ್ಟವಾಯಿತು, ಅದರ ಅಡಿಯಿಂದ ಕೊಳೆತದ್ದೂ ಎದ್ದಿತು. ಮೂರು ಬೆರಳು ಇದ್ದಿಲಿನಂತೆ ಕಪ್ಪಾಗಿದ್ದವು.

ಬಾಗಿಲಲ್ಲಿದ್ದವರು ಸೆರಗು, ಟವೆಲ್ಲು ಮೂಗಿಗೆ ಒತ್ತಿ ಹಿಂದೆ ಸರಿದರು. ಎರಡು ನಿಮಿಷದಲ್ಲಿ ನಡುಮನೆ ಖಾಲಿ. ಬದರೀನಾರಾಯಣ ಗೋಡೆ ಹಿಡಿದು ನೆಲಕ್ಕೆ ಕುಸಿದರು. ತೀರಾ ಸಣ್ಣ ದನಿಯಲ್ಲಿ, “ಆಟೋ ಕರೀಲಾ?” ಎಂದರು.

ಅರ್ಧ ಪಾದ ಹೋಯಿತು, ಜೀವ ಉಳಿಯಿತು. ಒಂದು ದಿನ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದರು ಡಾಕ್ಟರು.

ಆಪರೇಷನ್ ಆದ ಆರನೆಯ ದಿನ ಮಧ್ಯಾಹ್ನ ವಾಣಿ ನೋಡಲು ಹೋದಾಗ ಅಲಮೇಲು ವಾರ್ಡಿನಲ್ಲಿ ಒಬ್ಬರೇ ಇದ್ದರು. ಮುಖದಲ್ಲಿ ಗೆಲುವು ಮರಳಿತ್ತು. ಮಂಚದ ಪಕ್ಕದ ಸ್ಟೂಲನ್ನು ತೋರಿಸಿ ಕೂರಲು ಹೇಳಿದರು.

“ಸರ್ ಬಂದಿಲ್ವಾ ಅಮ್ಮ?”

“ಬರ್ತಾರೆ. ಬಿಲ್ಲು, ಔಷಧಿ ಏನಿದ್ರೂ ನೋಡ್ಕೊಂಡು, ಕೂರದೇ ಹೋಗ್ತಾರೆ.” ಬಾಗಿಲಿನತ್ತ ಒಮ್ಮೆ ನೋಡಿ ಹೇಳಿದರು: “ನಿನಗೊಂದು ಹೇಳ್ತೀನಿ, ಯಾರಿಗೂ ಹೇಳ್ಬೇಡ. ವಾಸನೆ ಕಾಲಿಂದ ಬರ್ತಿದೆ ಅಂತ ನನಗೆ ಮೊದಲನೇ ದಿನವೇ ಗೊತ್ತಾಗಿತ್ತು.”

ವಾಣಿ ದಂಗಾದಳು. “ಮತ್ತೆ ಯಾಕೆ ಸುಮ್ನಿದ್ರಿ?”

“ನನಗೂ ಅವರಿಗೂ ಮಾತು ನಿಂತು ಒಂಬತ್ತು ವರ್ಷ ಆಗಿತ್ತು ಕಣಮ್ಮ. ಜಗಳ ಅಂತೇನಿಲ್ಲ, ಸುಮ್ಮನೆ ನಿಂತೋಯ್ತು. ವಾಸನೆ ಬಂದ ದಿನ ಅವರು ನನ್ನ ರೂಮಿಗೆ ಬಂದು ಮಂಚದ ಪಕ್ಕ ಕೂತ್ರು. ಹನ್ನೊಂದು ದಿನ ಎದ್ದೇ ಹೋಗ್ಲಿಲ್ಲ. ದಿನಾ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನೇ ಬಟ್ಟೆ ಬಿಚ್ಚಿ ನೋಡ್ತಿದ್ದೆ. ಬೆರಳು ಕಪ್ಪಾಗಿದ್ದೂ ನೋಡ್ದೆ. ಮತ್ತೆ ಬಿಗಿಯಾಗಿ ಸುತ್ತಿ ಇಡ್ತಿದ್ದೆ.”

ನರ್ಸ್ ಬಂದು ಡ್ರೆಸ್ಸಿಂಗ್ ಬಿಚ್ಚಿ, “ತುಂಬಾ ಚೆನ್ನಾಗಿ ವಾಸಿಯಾಗ್ತಿದೆ ಅಮ್ಮ, ಒಂದು ಚೂರೂ ವಾಸನೆ ಇಲ್ಲ,” ಎಂದಳು. ಅಲಮೇಲು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು.